ಟೆಕ್ನೋ ಬಿಟ್ಟು ಪಂಕ್ ಹಿಡಿದ ಮೋಬಿ: 1996ರಲ್ಲಿ ಆಗಿದ್ದೇನು?

ಬೋರ್ನ್ ಸರಣಿಯ ಸಿನಿಮಾ ನೋಡಿದವರಿಗೆ ಕೊನೆಯಲ್ಲಿ ಬರುವ ಹಾಡು ನೆನಪಿರುತ್ತದೆ. ಹೀರೋ ಎಲ್ಲೋ ಮಾಯವಾಗುತ್ತಾನೆ, ಪಿಟೀಲುಗಳ ಸದ್ದು ಚಾಕುವಿನ ಹಾಗೆ ಸೀಳಿಕೊಂಡು ಬರುತ್ತದೆ, ಪರದೆ ಮೇಲೆ ಹೆಸರುಗಳು ಓಡತೊಡಗುತ್ತವೆ. ಆ ಹಾಡು ಅಮೆರಿಕದ ಸಂಗೀತಗಾರ ಮೋಬಿಯದು. 1995ರ ‘ಹೀಟ್’ ಸಿನಿಮಾದ ಕೊನೆಯಲ್ಲಿ ಅಲ್ ಪಚಿನೋ ಸಾಯುತ್ತಿರುವ ರಾಬರ್ಟ್ ಡಿ ನಿರೋ ಕೈ ಹಿಡಿದು ನಿಂತಾಗ ತೇಲಿಬರುವ ಸಂಗೀತವೂ ಅವನದೇ. ಬೋಳು ತಲೆ, ದಪ್ಪ ಕನ್ನಡಕ, ಸಣಕಲು ಮೈ. ನೋಡಿದರೆ ಯಾವುದೋ ಕಾಲೇಜಿನ ಲೈಬ್ರರಿಯವನ ಹಾಗಿದ್ದಾನೆ.

ಇದೇ ಮನುಷ್ಯ 1996ರಲ್ಲಿ ಒಂದು ಆಲ್ಬಂ ತಂದ. ಹೆಸರು ‘ಅನಿಮಲ್ ರೈಟ್ಸ್’. ಡಾನ್ಸ್ ಇಲ್ಲ, ಸಿಂಥಸೈಜರಿನ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಹಬ್ಬ ಇಲ್ಲ. ಕರ್ಕಶ ಗಿಟಾರು, ಗಂಟಲು ಹರಿಯುವಷ್ಟು ಕಿರುಚಾಟ. ಅವನನ್ನು ಪ್ರೀತಿಸುತ್ತಿದ್ದ ಜನ ಕಂಗಾಲಾದರು. ಆಲ್ಬಂ ನೆಲಕಚ್ಚಿತು. ಮೂರು ವರ್ಷ ಆದಮೇಲೆ ಅವನೇ ಇನ್ನೊಂದು ಆಲ್ಬಂ ಮಾಡಿದ. ಅದು ಒಂದು ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾಯಿತು.

ಈ ಕತೆಯನ್ನು ಸಾಮಾನ್ಯವಾಗಿ ಒಂದೇ ಧಾಟಿಯಲ್ಲಿ ಹೇಳುತ್ತಾರೆ: ‘ಟೆಕ್ನೋ, ಅಂದರೆ ಯಂತ್ರಗಳಿಂದ ಕಟ್ಟುವ ಕುಣಿತದ ಸಂಗೀತ, ಮಾಡುತ್ತಿದ್ದ ಕಲಾವಿದನೊಬ್ಬ ತಲೆಕೆಟ್ಟು ಪಂಕ್ ಮಾಡಿದ, ಪೆಟ್ಟು ತಿಂದ, ಬುದ್ಧಿ ಬಂದು ವಾಪಸ್ ಬಂದ.’ ನನಗೆ ಇದು ಅಷ್ಟು ಸರಿ ಅನಿಸುವುದಿಲ್ಲ. ಅವನು ಪಂಕ್ ಕಡೆ ಹೋಗಲಿಲ್ಲ, ಪಂಕ್‌ನಿಂದಲೇ ಬಂದವನು. ಅದು ಗೊತ್ತಾಗಬೇಕಾದರೆ ಮೊದಲು ಪಂಕ್ ಅಂದರೇನು, ಟೆಕ್ನೋ ಅಂದರೇನು ಅಂತ ಸ್ವಲ್ಪ ಬಿಡಿಸಿ ನೋಡಬೇಕು.

ಪಂಕ್ ಅಂದ ಕೂಡಲೇ ಮುಳ್ಳಿನ ಹಾಗೆ ನಿಂತ ಕೂದಲು, ಕಿವಿಗೆ ಚುಚ್ಚಿದ ಸೇಫ್ಟಿ ಪಿನ್ ನೆನಪಾಗುತ್ತದೆ. ಅದು ಬರೀ ವೇಷ. ಒಳಗಿನ ಮಾತು ಬೇರೆ. 1970ರ ದಶಕದ ನಡುವೆ ರಾಕ್ ಸಂಗೀತ ಬಹಳ ದೊಡ್ಡ ವ್ಯವಹಾರ ಆಗಿಬಿಟ್ಟಿತ್ತು. ದೊಡ್ಡ ಕ್ರೀಡಾಂಗಣ, ಇಪ್ಪತ್ತು ನಿಮಿಷದ ಹಾಡು, ಗಿಟಾರ್ ವಾದಕ ಕಣ್ಮುಚ್ಚಿ ಬಾರಿಸುತ್ತಲೇ ಇರುವುದು. ಸಾಮಾನ್ಯ ಹುಡುಗನೊಬ್ಬ ಅದನ್ನು ನೋಡಿ ‘ಇದು ನನ್ನ ಕೈಲಾಗುವ ಕೆಲಸ ಅಲ್ಲ’ ಅಂತ ಸುಮ್ಮನಾಗುತ್ತಿದ್ದ. ಆಗ ನ್ಯೂಯಾರ್ಕಿನ ಒಂದು ಗಲೀಜು ಬಾರ್‌ನಲ್ಲಿ, ಸಿಬಿಜಿಬಿ ಅಂತ ಅದರ ಹೆಸರು, ರಮೋನ್ಸ್ ತರಹದ ತಂಡಗಳು ಎರಡು ನಿಮಿಷದ ಹಾಡುಗಳನ್ನು ಒಂದರ ಹಿಂದೆ ಒಂದು ಉಸಿರು ಬಿಡದೆ ಬಾರಿಸತೊಡಗಿದವು. 1976ರಲ್ಲಿ ಬಂದ ರಮೋನ್ಸ್ ತಂಡದ ಮೊದಲ ಆಲ್ಬಂನಲ್ಲಿ 14 ಹಾಡಿದ್ದವು, ಎಲ್ಲಾ ಸೇರಿ ಅರ್ಧ ಗಂಟೆಯೂ ಇಲ್ಲ. 1977ರ ಶುರುವಿನಲ್ಲಿ ಇಂಗ್ಲೆಂಡಿನ ‘ಸೈಡ್‌ಬರ್ನ್ಸ್’ ಅನ್ನುವ ಪುಟ್ಟ ಪತ್ರಿಕೆಯಲ್ಲಿ ಕೈಯಲ್ಲೇ ಗೀಚಿದ ಒಂದು ಚಿತ್ರ ಬಂತು. ಗಿಟಾರ್ ಮೇಲೆ ಬೆರಳು ಎಲ್ಲಿಡಬೇಕು ಅಂತ ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ತೋರಿಸಿ, ಕೆಳಗೆ ‘ಈಗ ಹೋಗಿ ಒಂದು ಬ್ಯಾಂಡ್ ಕಟ್ಟು’ ಅನ್ನುವ ಅರ್ಥದ ಸಾಲು. ಪಂಕ್‌ನ ಇಡೀ ಸಿದ್ಧಾಂತ ಆ ಒಂದು ಪುಟದಲ್ಲಿದೆ.

ಆ ಕರ್ಕಶ ಸದ್ದು ಹುಟ್ಟುವುದು ಹೇಗೆ ಅನ್ನುವುದು ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಶ್ರುತಿ ಪೆಟ್ಟಿಗೆ ಕೇಳಿದ್ದೀರಲ್ಲ? ಅದರಲ್ಲಿ ಬರುವುದು ಸ, ಪ, ಮೇಲಿನ ಸ. ಪಂಕ್ ಗಿಟಾರ್‌ನವರು ‘ಪವರ್ ಕಾರ್ಡ್’ ಅಂತ ಕರೆಯುವುದೂ ಹೆಚ್ಚುಕಮ್ಮಿ ಅದನ್ನೇ. ಮಾಮೂಲಿ ಕಾರ್ಡ್‌ನಲ್ಲಿ ಗಾಂಧಾರವೂ ಇರುತ್ತದೆ. ಖುಷಿಯೋ ದುಃಖವೋ ಅನ್ನುವ ಬಣ್ಣ ಬರುವುದು ಆ ಗಾಂಧಾರದಿಂದ. ಪವರ್ ಕಾರ್ಡ್‌ನಲ್ಲಿ ಅದನ್ನು ಕಿತ್ತು ಹಾಕುತ್ತಾರೆ. ಯಾಕೆಂದರೆ ಗಿಟಾರಿನ ಸದ್ದನ್ನು ಬೇಕಂತಲೇ ಒಡೆದು ಗರಗರ ಮಾಡಿದಾಗ (ಡಿಸ್ಟಾರ್ಷನ್ ಅನ್ನುವುದು ಇದನ್ನೇ) ಗಾಂಧಾರ ಸೇರಿದರೆ ಎಲ್ಲಾ ಕಲಸುಮೇಲೋಗರ ಆಗುತ್ತದೆ. ಸ-ಪ ಮಾತ್ರ ಇದ್ದರೆ ಎಷ್ಟು ಒಡೆದರೂ ಗಟ್ಟಿಯಾಗಿ ನಿಲ್ಲುತ್ತದೆ. ತಂಬೂರಿಯಲ್ಲಿ ಮನಸ್ಸು ನಿಲ್ಲಿಸುವ ಅದೇ ಎರಡು ಸ್ವರ ಇಲ್ಲಿ ಗೋಡೆ ಬಿದ್ದ ಹಾಗೆ ಮೈಮೇಲೆ ಬರುತ್ತವೆ!

1980ರ ಹೊತ್ತಿಗೆ ಅಮೆರಿಕದಲ್ಲಿ ಪಂಕ್ ಇನ್ನೂ ಬಿರುಸಾಯಿತು. ವಾಷಿಂಗ್ಟನ್, ಲಾಸ್ ಏಂಜಲೀಸ್, ನ್ಯೂಯಾರ್ಕ್ ಹುಡುಗರು ಅದಕ್ಕೆ ‘ಹಾರ್ಡ್‌ಕೋರ್’ ಅಂತ ಹೆಸರಿಟ್ಟರು. ಮೈನರ್ ಥ್ರೆಟ್ ಅನ್ನುವ ತಂಡದ ಒಂದು ಹಾಡು ಒಂದು ನಿಮಿಷವೂ ಇಲ್ಲ. ಅಷ್ಟರಲ್ಲೇ ಕುಡಿತ, ಡ್ರಗ್ಸ್ ಬೇಡ ಅಂತ ಹೇಳಿ ಮುಗಿಸುತ್ತದೆ. ಆ ಹಾಡಿನ ಹೆಸರಿನಿಂದಲೇ ‘ಸ್ಟ್ರೇಟ್ ಎಡ್ಜ್’ ಅನ್ನುವ ಒಂದು ಪಂಥ ಹುಟ್ಟಿತು. ಮುಂದೆ ಆ ಪಂಥದ ಎಷ್ಟೋ ಹುಡುಗರು ಮಾಂಸ ಬಿಟ್ಟರು, ಪ್ರಾಣಿಗಳ ಪರ ದನಿ ಎತ್ತಿದರು. ಇಲ್ಲೇ ಹೇಳಬೇಕಾದ ಇನ್ನೊಂದು ಸಂಗತಿ ಇದೆ. ಹಾರ್ಡ್‌ಕೋರ್‌ಗೆ ವೇಗ ಕಲಿಸಿದ ಬ್ಯಾಡ್ ಬ್ರೇನ್ಸ್ ತಂಡದವರು ಮೊದಲು ನುಡಿಸುತ್ತಿದ್ದದ್ದು ಜಾಝ್ ಫ್ಯೂಷನ್, ಜಾಝ್ ಮತ್ತು ರಾಕ್ ಬೆರೆತ, ಕೈಚಳಕ ಬೇಡುವ ಸಂಗೀತ. ಅಂದರೆ ವಿದ್ಯೆ ಇದ್ದವರು ಪಂಕ್‌ಗೆ ಬಂದದ್ದು ಮೋಬಿಯಿಂದ ಶುರುವಾದದ್ದಲ್ಲ.

ಮೋಬಿಯ ನಿಜ ಹೆಸರು ರಿಚರ್ಡ್ ಮೆಲ್ವಿಲ್ ಹಾಲ್. ‘ಮೋಬಿ ಡಿಕ್’ ಅನ್ನುವ ತಿಮಿಂಗಿಲದ ಕಾದಂಬರಿ ಬರೆದ ಹರ್ಮನ್ ಮೆಲ್ವಿಲ್ ಇವರ ವಂಶದ ಹಿರಿಯ ಅನ್ನುವ ಮಾತು ಮನೆಯಲ್ಲಿತ್ತು. ಅದಕ್ಕೇ ಎಳೆ ಮಗುವಿಗೆ ‘ಮೋಬಿ’ ಅಂತ ಅಡ್ಡಹೆಸರು ಬಿತ್ತು. ಹುಟ್ಟಿದ್ದು 1965ರಲ್ಲಿ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಅವನಿಗೆ ಎರಡು ವರ್ಷ ಇದ್ದಾಗ ಅಪ್ಪ ಕಾರು ಅಪಘಾತದಲ್ಲಿ ಹೋದರು. ಅಮ್ಮ ಮಗ ಇದ್ದದ್ದು ಕನೆಕ್ಟಿಕಟ್ ರಾಜ್ಯದ ಡೇರಿಯನ್ ಅನ್ನುವ ಊರಲ್ಲಿ. ಅದು ಸಾಹುಕಾರರ ಊರು. ಇವರು ಮಾತ್ರ ಬಡವರು. ಇಂಥ ಊರಲ್ಲಿ ಬೆಳೆದ ಹುಡುಗನಿಗೆ ಪಂಕ್ ಯಾಕೆ ಹಿಡಿಸಿತು ಅಂತ ಬಿಡಿಸಿ ಹೇಳಬೇಕಿಲ್ಲ.

ಗಿಟಾರ್ ಚಿಕ್ಕಂದಿನಲ್ಲೇ ಕಲಿತಿದ್ದ. ಹದಿನೇಳು ಹದಿನೆಂಟರ ವಯಸ್ಸಿಗೆ ವ್ಯಾಟಿಕನ್ ಕಮಾಂಡೋಸ್ ಅನ್ನುವ ಹಾರ್ಡ್‌ಕೋರ್ ತಂಡದಲ್ಲಿ ಗಿಟಾರ್ ಬಾರಿಸುತ್ತಿದ್ದ. 1983ರಲ್ಲಿ ಅವರದೊಂದು ಪುಟ್ಟ ರೆಕಾರ್ಡ್ ಕೂಡ ಬಂತು. ಡಿಜೆ ಕೆಲಸ, ನ್ಯೂಯಾರ್ಕಿನ ಕ್ಲಬ್ಬುಗಳು, ಡ್ರಮ್ ಮೆಷಿನ್, ಸ್ಯಾಂಪ್ಲರ್ (ಬೇರೆ ಕಡೆಯ ಸದ್ದಿನ ತುಣುಕು ಹಿಡಿದು ಮತ್ತೆ ನುಡಿಸುವ ಯಂತ್ರ) ಎಲ್ಲಾ ಆಮೇಲೆ ಬಂದವು. 1987ರಲ್ಲಿ ಹಾಲು, ಮೊಟ್ಟೆಯನ್ನೂ ಬಿಟ್ಟು ಪೂರ್ತಿ ವೀಗನ್ ಆದ.

1991ರಲ್ಲಿ ‘ಗೋ’ ಅನ್ನುವ ಹಾಡು ಬಂತು. ‘ಟ್ವಿನ್ ಪೀಕ್ಸ್’ ಟೀವಿ ಧಾರಾವಾಹಿಯ ಶೋಕದ ಧುನ್ ಒಂದನ್ನು ಎತ್ತಿಕೊಂಡು ಕುಣಿಯುವ ಬೀಟ್ ಮೇಲೆ ಕೂರಿಸಿದ್ದ. ಬ್ರಿಟನ್ನಿನಲ್ಲಿ ಅದು ಟಾಪ್ ಟೆನ್ ಮುಟ್ಟಿತು, ರಾತ್ರಿ ಬೆಳಗಾಗುವುದರಲ್ಲಿ ಮೋಬಿ ಟೆಕ್ನೋದ ದೊಡ್ಡ ಹೆಸರಾದ. 1993ರಲ್ಲಿ ‘ಥೌಸಂಡ್’ ಅಂತ ಇನ್ನೊಂದು. ಕುಣಿಯುವ ಹಾಡಿನಲ್ಲಿ ನಿಮಿಷಕ್ಕೆ ಸುಮಾರು 120-130 ಬೀಟ್ ಇರುತ್ತದೆ. ಇದರಲ್ಲಿ 1,000 ದಾಟುತ್ತದೆ. ಗಿನ್ನೆಸ್ ಪುಸ್ತಕಕ್ಕೂ ಹೋಯಿತು. ಅಷ್ಟು ವೇಗಕ್ಕೆ ಏರಿದಾಗ ಅದು ಬೀಟ್ ಅಲ್ಲವೇ ಅಲ್ಲ, ಜೀರುಂಡೆಯ ಸದ್ದು. ಯಾರಿಂದಲೂ ಕುಣಿಯಲು ಆಗದ ಡಾನ್ಸ್ ಹಾಡು ಮಾಡುವವನ ತಲೆಯಲ್ಲಿ ಆಗಲೇ ಪಂಕ್ ಕೂತಿತ್ತು ಅಂತ ನನ್ನ ಅನುಮಾನ.

1995ರಲ್ಲಿ ‘ಎವೆರಿಥಿಂಗ್ ಈಸ್ ರಾಂಗ್’ ಬಂತು. ಅಮೆರಿಕದ ‘ಸ್ಪಿನ್’ ಪತ್ರಿಕೆ ಅದನ್ನು ವರ್ಷದ ಆಲ್ಬಂ ಅಂತ ಆರಿಸಿತು. ಅದರಲ್ಲಿ ಎಲ್ಲಾ ಇತ್ತು. ರೇವ್ ಅನ್ನುವ ರಾತ್ರಿಯಿಡೀ ಕುಣಿಯುವ ಕೂಟಗಳ ಹಾಡು, ನಿಧಾನವಾಗಿ ಹರಿಯುವ ಪಿಯಾನೋ, ಬ್ಲೂಸ್ ವಾಸನೆಯ ಗಿಟಾರು. ನಡುನಡುವೆ ಒಂದೆರಡು ಕಡೆ ಶುದ್ಧ ಪಂಕ್ ಅಬ್ಬರವೂ ಇತ್ತು. ಜನ ಆ ಹಾಡುಗಳನ್ನು ಊಟದ ಎಲೆಯ ಮೂಲೆಯ ಉಪ್ಪಿನಕಾಯಿ ಅಂತ ತಿಳಿದರು. ಮುಂದಿನ ವರ್ಷ ಅವನು ಉಪ್ಪಿನಕಾಯಿಯನ್ನೇ ಎಲೆ ತುಂಬಾ ಬಡಿಸಿದ.

‘ಅನಿಮಲ್ ರೈಟ್ಸ್’ ಬ್ರಿಟನ್ನಿನಲ್ಲಿ 1996ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದಲ್ಲಿ 1997ರ ಶುರುವಿನಲ್ಲಿ ಬಂತು. ಮೊದಲ ಸಲ ಕೇಳುವವರಿಗೆ ಆಗುವುದು ಹೀಗೆ. ಶುರುವಿನಲ್ಲಿ ಪಿಟೀಲಿನ ಒಂದು ಸಣ್ಣ, ಮೆದು ತುಣುಕು. ‘ಓ, ಅದೇ ನಮ್ಮ ಮೋಬಿ’ ಅಂತ ಒರಗಿ ಕೂರುತ್ತೀರಿ. ಎರಡನೇ ಹಾಡಿಗೆ ಗಿಟಾರು ಮುಖಕ್ಕೆ ರಾಚುತ್ತದೆ. ಹೆಡ್‌ಫೋನ್ ಹಾಕಿಕೊಂಡಿದ್ದ ನಾನು ಗಾಬರಿಯಲ್ಲಿ ಸದ್ದು ಕಡಿಮೆ ಮಾಡಲು ಹೋಗಿ ಕೈಲಿದ್ದ ಕಾಫಿ ಚೆಲ್ಲಿಕೊಂಡೆ. ಹಾಡುವುದು ಬಿಡಿ, ಅರಚುತ್ತಾನೆ. ಆ ದನಿ ಪಳಗಿದ ಗಾಯಕನದಲ್ಲ. ಕೋಣೆ ಬಾಗಿಲು ಹಾಕಿಕೊಂಡು ಯಾರಿಗೂ ಕೇಳಿಸುತ್ತಿಲ್ಲ ಅಂದುಕೊಂಡವನ ದನಿ.

ಇಲ್ಲಿ ಬೀಟ್ ಬಗ್ಗೆ ಒಂದು ಮಾತು. ಟೆಕ್ನೋದಲ್ಲಿ ಬೀಟ್ ಸಮನಾಗಿ ಬೀಳುತ್ತದೆ: ಧಬ್, ಧಬ್, ಧಬ್, ಧಬ್. ಹಾರ್ಡ್‌ಕೋರ್‌ನಲ್ಲಿ ಎರಡು ಸದ್ದು ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತವೆ: ಧಪ್-ಟಕ್-ಧಪ್-ಟಕ್. ಆದರೆ ದೊಡ್ಡ ವ್ಯತ್ಯಾಸ ವೇಗದಲ್ಲಿಲ್ಲ, ಕಾಯಿಸುವುದರಲ್ಲಿದೆ. ಟೆಕ್ನೋ ನಿಮ್ಮನ್ನು ಕಾಯಿಸುತ್ತದೆ. ನಿಧಾನಕ್ಕೆ ಒಂದೊಂದೇ ಪದರ ಸೇರಿಸುತ್ತದೆ, ಇದ್ದಕ್ಕಿದ್ದ ಹಾಗೆ ಬೀಟ್ ತೆಗೆದುಬಿಡುತ್ತದೆ, ಎಲ್ಲರೂ ಉಸಿರು ಬಿಗಿಹಿಡಿದು ನಿಂತಾಗ ಮತ್ತೆ ಬಿಡುತ್ತದೆ. ಆ ಒಂದು ಕ್ಷಣಕ್ಕಾಗಿಯೇ ಜನ ಕ್ಲಬ್ಬಿಗೆ ಹೋಗುವುದು. ಪಂಕ್‌ಗೆ ಆ ತಾಳ್ಮೆ ಇಲ್ಲ. ಮೊದಲ ಸೆಕೆಂಡಿನಲ್ಲೇ ಇದ್ದದ್ದೆಲ್ಲಾ ಕೊಟ್ಟುಬಿಡುತ್ತದೆ. ಮೋಬಿಯ ಅಭಿಮಾನಿಗಳಿಗೆ ಅಭ್ಯಾಸ ಇದ್ದದ್ದು ಕಾಯುವ ಸುಖ. ಆ ಸುಖವನ್ನೇ ಅವನು ಕಿತ್ತುಕೊಂಡ.

ಆಲ್ಬಂನಲ್ಲಿ ಬೇರೆಯವರ ಹಾಡೂ ಒಂದಿದೆ. ಬಾಸ್ಟನ್ನಿನ ಮಿಷನ್ ಆಫ್ ಬರ್ಮಾ ಅನ್ನುವ ತಂಡ 1981ರಲ್ಲಿ ಮಾಡಿದ್ದು, ‘ಆಗಲೇ ನಾನು ರಿವಾಲ್ವರ್‌ಗೆ ಕೈ ಹಾಕುವುದು’ ಅನ್ನುವ ಅರ್ಥದ ಹೆಸರು. (ಈ ತಂಡ ಎಷ್ಟು ಜೋರಾಗಿ ಬಾರಿಸುತ್ತಿತ್ತೆಂದರೆ, ಗಿಟಾರ್ ವಾದಕನ ಕಿವಿಯಲ್ಲಿ ಸದಾ ಗುಂಯ್‌ಗುಡುವ ಕಾಯಿಲೆ ಜೋರಾಗಿ 1983ರಲ್ಲಿ ತಂಡವನ್ನೇ ಮುಚ್ಚಬೇಕಾಯಿತು.) ಸಂಗೀತದ ಟೀವಿ ಚಾನೆಲ್ ಎಂಟಿವಿಗೆ ಈ ರಿವಾಲ್ವರ್ ಬೇಡವಾಗಿತ್ತು. ಅವರಿಗಾಗಿ ಮೋಬಿ ಆ ಸಾಲನ್ನೇ ಬದಲಾಯಿಸಿ, ‘ಎಲ್ಲಾ ಮುಗಿಯಿತು ಅಂತ ಗೊತ್ತಾಗುವುದು ಆಗಲೇ’ ಅನ್ನುವ ಹಾಗೆ ಹಾಡಿ ಕೊಟ್ಟ. ಈ ವಿಷಯದಲ್ಲಿ ನನಗೆ ಮೋಬಿ ಮೇಲೆ ಸ್ವಲ್ಪ ಸಿಟ್ಟಿದೆ. ಪಂಕ್ ಆಲ್ಬಂ ಮಾಡಿ ಟೀವಿಯವರು ಹೇಳಿದರು ಅಂತ ಹಾಡಿನ ಹೆಸರಾದ ಸಾಲನ್ನೇ ತಿದ್ದುವುದು ಅಂದರೆ! ಅಷ್ಟು ಮಾಡಿದರೂ ಅದೇನು ದೊಡ್ಡ ಹಿಟ್ ಆಗಲಿಲ್ಲ.

ಆಲ್ಬಂ ಪೂರ್ತಿ ಒಂದೇ ತರಹ ಇಲ್ಲ. ಕೊನೆಯ ಭಾಗಕ್ಕೆ ಬಂದಾಗ ಹತ್ತು ನಿಮಿಷದ ಆಸುಪಾಸಿನ ಎರಡು ಹಾಡಿವೆ, ನಿಧಾನವಾಗಿ ಮುಳುಗುತ್ತಾ ಹೋಗುವಂಥವು. ಹತ್ತು ನಿಮಿಷದ ಪಂಕ್ ಹಾಡು ಅಂದರೆ ರಮೋನ್ಸ್ ನಕ್ಕುಬಿಡುತ್ತಿದ್ದರು. ಕಡೆಯಲ್ಲಿ ಅಮ್ಮನಿಗಾಗಿ ಮಾಡಿದ, ಮಾತಿಲ್ಲದ ಒಂದು ತುಣುಕಿದೆ. ಬ್ರಿಟನ್ನಿನಲ್ಲಿ ಮೊದಲು ಮಾರಿದ ಪ್ರತಿಗಳ ಜೊತೆ ಇನ್ನೊಂದು ಸಿಡಿ ಕೊಟ್ಟಿದ್ದರು. ಅದರಲ್ಲಿ ಬರೀ ಶಾಂತ ಸಂಗೀತ. ಒಂದು ಕೈಯಲ್ಲಿ ಬಾರಿಸಿ ಇನ್ನೊಂದು ಕೈಯಲ್ಲಿ ತಲೆ ಸವರಿದ ಹಾಗೆ.

ಇದು ಒಳ್ಳೆಯ ಆಲ್ಬಮ್ಮಾ? ನನ್ನ ಪ್ರಕಾರ ಅರ್ಧ ಹೌದು. ಸಿಟ್ಟು ನಿಜವಾದದ್ದು, ಆ ನಿಧಾನದ ಹಾಡುಗಳಂತೂ ಇವತ್ತಿಗೂ ಮೈ ತಣ್ಣಗೆ ಮಾಡುತ್ತವೆ. ಕೊರತೆ ಇನ್ನೊಂದು ಕಡೆ ಇದೆ. ಪಂಕ್ ಅಂದರೆ ಒಂದು ಚಿಕ್ಕ ಕೋಣೆಯಲ್ಲಿ ಮೂರ್ನಾಲ್ಕು ಜನ ಜಗಳ ಆಡಿದ ಹಾಗೆ. ಒಬ್ಬ ಓಡುತ್ತಾನೆ, ಇನ್ನೊಬ್ಬ ಹಿಡಿಯಲು ಹೋಗುತ್ತಾನೆ, ತಾಳ ಸ್ವಲ್ಪ ಜಾರುತ್ತದೆ. ಆ ಜಾರುವುದರಲ್ಲೇ ಜೀವ ಇರುತ್ತದೆ. ಮೋಬಿ ಬಹುಪಾಲು ಎಲ್ಲವನ್ನೂ ಮನೆಯಲ್ಲಿ ಒಬ್ಬನೇ ಕೂತು, ಟೆಕ್ನೋ ಕಟ್ಟಿದ ಹಾಗೆ ಪದರದ ಮೇಲೆ ಪದರ ಇಟ್ಟು ಮಾಡಿದ. ಒಬ್ಬನೇ ಆಡಿದ ಜಗಳ ಅದು. ಕೆಲವು ಕಡೆ ಅದು ಕೇಳಿಸುತ್ತದೆ.

ಆದರೆ ಆಲ್ಬಂ ಸೋತದ್ದು ಇದರಿಂದಲ್ಲ. ಆ ವರ್ಷ ಏನೇನಾಗುತ್ತಿತ್ತು ನೋಡಿ. ಹಸಿರು, ಹಳದಿ ಬಣ್ಣದ ಖುಷಿಖುಷಿ ಪಂಕ್ ಆಗಲೇ ಅಮೆರಿಕದಲ್ಲಿ ಲಕ್ಷಗಟ್ಟಲೆ ಮಾರಾಟವಾಗುತ್ತಿತ್ತು. ಗ್ರೀನ್ ಡೇ ತಂಡದ ‘ಡೂಕಿ’ 1994ರಲ್ಲೇ ಬಂದಿತ್ತು. ಆ ಹಾಡುಗಳನ್ನು ಸ್ಕೂಲಿಗೆ ಹೋಗುವಾಗ ಗುನುಗಬಹುದು. ಮೋಬಿಯದನ್ನು ಗುನುಗಲು ಆಗುವುದಿಲ್ಲ. ಇನ್ನೊಂದು ಕಡೆ ಟೆಕ್ನೋಗೆ ಅಮೆರಿಕದಲ್ಲಿ ಬಾಗಿಲು ತೆರೆಯುತ್ತಿತ್ತು. ಕೆಮಿಕಲ್ ಬ್ರದರ್ಸ್ ತರಹದವರನ್ನು ಎಂಟಿವಿ ‘ಎಲೆಕ್ಟ್ರಾನಿಕಾ’ ಅಂತ ಹೆಸರಿಟ್ಟು ಮೆರೆಸುತ್ತಿತ್ತು. ಅಂದರೆ ವರ್ಷಗಟ್ಟಲೆ ಕಾದ ಬಸ್ಸು ಸ್ಟಾಪಿಗೆ ಬರುವ ಹೊತ್ತಿಗೆ ಸರಿಯಾಗಿ ಮೋಬಿ ಎದ್ದು ನಡೆದುಕೊಂಡು ಹೊರಟಿದ್ದ.

ತಮಾಷೆ ಅಂದರೆ, ಅದೇ 1996ರ ವಸಂತದಲ್ಲಿ ಇಂಗ್ಲೆಂಡಿನ ಪ್ರಾಡಿಜಿ ತಂಡ ‘ಫೈರ್‌ಸ್ಟಾರ್ಟರ್’ ಹಾಡು ತಂದು ಅಲ್ಲಿ ಒಂದನೇ ಸ್ಥಾನಕ್ಕೆ ಏರಿತು. ಅವರೂ ರೇವ್‌ನಿಂದ ಬಂದವರೇ. ಅವರೂ ಪಂಕ್ ಬೆರೆಸಿದರು. ಅವರ ಗಾಯಕ ಕೀತ್ ಫ್ಲಿಂಟ್ ಮುಳ್ಳು ಕೂದಲು ಬಿಟ್ಟುಕೊಂಡು ಕ್ಯಾಮೆರಾ ನೋಡಿ ಹಲ್ಲು ಕಚ್ಚಿದ. ಮರುವರ್ಷದ ಅವರ ಆಲ್ಬಂ ಅಮೆರಿಕದಲ್ಲೂ ಒಂದನೇ ಸ್ಥಾನ ಮುಟ್ಟಿತು. ಹಾಗಾದರೆ ಅವರು ಗೆದ್ದು ಇವನು ಸೋತದ್ದು ಯಾಕೆ? ಪ್ರಾಡಿಜಿ ಬೀಟ್ ಬಿಡಲಿಲ್ಲ. ಕುಣಿಯುವ ನೆಲ ಹಾಗೇ ಇಟ್ಟು, ಅದರ ಮೇಲೆ ಪಂಕ್‌ನ ವೇಷ, ಸಿಟ್ಟು ಹೊದಿಸಿದರು. ಮೋಬಿ ನೆಲವನ್ನೇ ಅಗೆದು ತೆಗೆದ. ಅಲ್ಲಿಗೆ ಕುಣಿಯುವವರು ಹೊರಟುಹೋದರು. ಇನ್ನು ಗಿಟಾರ್ ಪ್ರಿಯರ ಕಣ್ಣಿಗೆ ಅವನು ಬಟನ್ ಒತ್ತುವ ಡಿಜೆ, ‘ಇವನಿಗ್ಯಾಕೆ ಇದೆಲ್ಲಾ’ ಅಂದರು. ಕ್ಯಾಸೆಟ್ಟು ಸಿಡಿ ಅಂಗಡಿಗಳ ಕಾಲ ಅದು, ನೆನಪಿರಲಿ. ಅಂಗಡಿಯವನು ಈ ಸಿಡಿಯನ್ನು ಡಾನ್ಸ್ ಗೂಡಿನಲ್ಲಿ ಇಡಬೇಕೋ ರಾಕ್ ಗೂಡಿನಲ್ಲೋ? ಎಲ್ಲಿಟ್ಟರೂ ತಪ್ಪು ಗಿರಾಕಿಯ ಕೈಗೇ ಸಿಗುತ್ತಿತ್ತು.

ಸೌಂಡ್‌ಗಾರ್ಡನ್ ಅನ್ನುವ ದೊಡ್ಡ ರಾಕ್ ತಂಡದ ಮುಂಚೆ ವೇದಿಕೆ ಹತ್ತಿದಾಗ ಜನ ತನ್ನ ಮೇಲೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರು, ತನ್ನದೇ ಕಾರ್ಯಕ್ರಮ ಇಟ್ಟರೆ ರಾತ್ರಿಗೆ ಐವತ್ತು ಜನ ಬಂದರೆ ಹೆಚ್ಚು ಅಂತ ಮೋಬಿ ಆಮೇಲೆ ಹೇಳಿಕೊಂಡಿದ್ದಾನೆ. ಆಲ್ಬಂ ಮೆಚ್ಚಿ ಫೋನ್ ಮಾಡಿದ ಕೆಲವೇ ಕೆಲವರಲ್ಲಿ ಗನ್ಸ್ ಎನ್ ರೋಸಸ್ ರಾಕ್ ತಂಡದ ಗಾಯಕ ಆಕ್ಸಲ್ ರೋಸ್ ಒಬ್ಬನಂತೆ. ಪದೇ ಪದೇ ಅದನ್ನೇ ಕೇಳುತ್ತಿದ್ದೇನೆ ಅಂದನಂತೆ. 1997ರಲ್ಲಿ ಅಮ್ಮ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಮೆರಿಕದ ರೆಕಾರ್ಡ್ ಕಂಪನಿಯ ನಂಟೂ ಕಡಿಯಿತು. ಬ್ರಿಟನ್ನಿನ ಮ್ಯೂಟ್ ಅನ್ನುವ ರೆಕಾರ್ಡ್ ಕಂಪನಿ ಮಾತ್ರ ಕೈ ಬಿಡಲಿಲ್ಲ.

ಈ ಮ್ಯೂಟ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅದನ್ನು 1978ರಲ್ಲಿ ಶುರು ಮಾಡಿದ್ದು ಡೇನಿಯಲ್ ಮಿಲ್ಲರ್. ಪಂಕ್‌ನ ‘ನೀನೇ ಮಾಡು’ ಅನ್ನುವ ಮಾತು ಅವನ ತಲೆಗೂ ಹೊಕ್ಕಿತ್ತು. ಆದರೆ ಅವನಿಗೆ ಗಿಟಾರ್ ಬೇಡವಾಗಿತ್ತು. ಮೂರು ಕಾರ್ಡ್ ಆದರೂ ಕಲಿಯಬೇಕಲ್ಲ! ಸಿಂಥಸೈಜರ್ ಆದರೆ ಒಂದು ಬೆರಳು ಸಾಕು. ಒಂದು ಅಗ್ಗದ ಸಿಂಥ್ ತಂದು, ಮನೆಯಲ್ಲೇ ಎರಡು ಹಾಡು ಮುದ್ರಿಸಿ, ತಾನೇ ರೆಕಾರ್ಡ್ ಹೊರತಂದ. ಗಿಟಾರೇ ಇಲ್ಲದ ಪಂಕ್ ಅದು. ಟೆಕ್ನೋ ಮಾಡುವವರೂ ಹೀಗೇ ಅಲ್ವಾ? ಮಲಗುವ ಕೋಣೆ, ಸೆಕೆಂಡ್ ಹ್ಯಾಂಡ್ ಯಂತ್ರ, ಯಾರ ಅಪ್ಪಣೆಯೂ ಬೇಡ. ಪಂಕ್‌ಗೂ ಟೆಕ್ನೋಗೂ ಸದ್ದಿನಲ್ಲಿ ಅಜಗಜಾಂತರ, ಹುಟ್ಟಿದ ರೀತಿಯಲ್ಲಿ ಅಣ್ಣತಮ್ಮ. ಮೋಬಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಿದ್ದು ಹಿತ್ತಿಲ ಬಾಗಿಲಿನಿಂದ. ಬೀದಿಯಲ್ಲಿ ನಿಂತು ನೋಡುತ್ತಿದ್ದವರಿಗೆ ಅದು ದೇಶಾಂತರ ಅನಿಸಿತು, ಅಷ್ಟೇ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕತೆ. 1999ರ ಮೇ ತಿಂಗಳಲ್ಲಿ ‘ಪ್ಲೇ’ ಬಂತು. ಹಾಡುಗಳ ಸಂಗ್ರಹಕಾರ ಆಲನ್ ಲೋಮ್ಯಾಕ್ಸ್ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಓಡಾಡಿ ಹಿಡಿದಿಟ್ಟಿದ್ದ ಹಳೆಯ ದನಿಗಳನ್ನು ತೆಗೆದುಕೊಂಡು ಬೀಟ್ ಮೇಲೆ ಕೂರಿಸಿದ್ದ. ಮೊದಲ ವಾರ ಇದೂ ಸೋತೇ ಹೋಯಿತು ಅನ್ನುವ ಸ್ಥಿತಿ. ರೇಡಿಯೋ ಹಾಕಲಿಲ್ಲ. ಆಮೇಲೆ ಅದರ 18 ಹಾಡೂ ಜಾಹೀರಾತಿಗೋ ಸಿನಿಮಾಕ್ಕೋ ಟೀವಿಗೋ ಹೋದವು. ಹತ್ತಿರ ಹತ್ತಿರ ಒಂದು ವರ್ಷ ಕಳೆದ ಮೇಲೆ, 2000ದ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ಒಂದನೇ ಸ್ಥಾನ. ಕಾರಿನ ಜಾಹೀರಾತಿಗೆ ಹಾಡು ಮಾರಿದ ಅಂತ ಹಳೇ ಪಂಕ್ ಗೆಳೆಯರು ಮುಖ ಸಿಂಡರಿಸಿದರು. ಹಾಗೆ ನೋಡಿದರೆ ಎಂಟಿವಿಗೆ ಸಾಲು ತಿದ್ದಿ ಕೊಟ್ಟವನಿಂದ ಇದು ತೀರಾ ದೂರವೇನಲ್ಲ.

ಪಂಕ್ ಅವನನ್ನು ಬಿಡಲೂ ಇಲ್ಲ. 2016, 2017ರಲ್ಲಿ ವಾಯ್ಡ್ ಪೆಸಿಫಿಕ್ ಕ್ವಾಯರ್ ಅನ್ನುವ ಹೆಸರು ಸೇರಿಸಿಕೊಂಡು ಎರಡು ಆಲ್ಬಂ ಮಾಡಿದ. ಮತ್ತೆ ಅದೇ ಓಟ, ಅದೇ ಅರಚಾಟ, ಈ ಸಲ ಸಿಂಥ್‌ಗಳ ಜೊತೆ. 2023ರಲ್ಲಿ ಪಂಕ್ ಹುಡುಗರಿಗೂ ಪ್ರಾಣಿಗಳ ಹಕ್ಕಿನ ಹೋರಾಟಕ್ಕೂ ಇರುವ ನಂಟಿನ ಬಗ್ಗೆ ಒಂದು ಸಾಕ್ಷ್ಯಚಿತ್ರವನ್ನೇ ನಿರ್ದೇಶಿಸಿ, ಎಲ್ಲರೂ ನೋಡಲಿ ಅಂತ ಪುಕ್ಕಟೆ ಬಿಟ್ಟ.

ಈಗಿನ ಫೋಟೋಗಳಲ್ಲಿ ಮೋಬಿ ಕೈ ಮುಂದೆ ಚಾಚಿ ನಿಂತಿದ್ದರೆ ಗಮನಿಸಿ. 2019ರಲ್ಲಿ ಹಾಕಿಸಿಕೊಂಡ ಹಚ್ಚೆ ಕಾಣುತ್ತದೆ. ಎರಡು ತೋಳಿನ ಉದ್ದಕ್ಕೂ ದಪ್ಪ ಕಪ್ಪು ಅಕ್ಷರ. ಒಂದರಲ್ಲಿ ‘ಅನಿಮಲ್’, ಇನ್ನೊಂದರಲ್ಲಿ ‘ರೈಟ್ಸ್’. ಹಾಕಿಸಿಕೊಂಡಿದ್ದು ಪ್ರಾಣಿಗಳಿಗಾಗಿ, ಆಲ್ಬಂ ನೆನಪಿಗಲ್ಲ. ಆದರೂ ಒಂದು ಕೋಟಿ ಮಾರಿದ ಆಲ್ಬಂನ ಹೆಸರು ಅವನ ಮೈಮೇಲೆ ಎಲ್ಲೂ ನನಗೆ ಕಂಡಿಲ್ಲ.